ಪದಚರ್ಚೆ: ಪಕ್ಕೆಲುಬು, ಶ್ವಾಸಕೋಶ, ವಪೆ – ಎದೆಗೂಡಿನ ಗೋಡೆಚಿತ್ರಕ್ಕೆ ಹೆಸರುಗಳು

ಮಾನ್ಯರೇ,

ಆಶಾ ಕಾರ್ಯಕರ್ತೆಯರ ತರಬೇತಿ ಕೊಠಡಿಗೆ ಎದೆಗೂಡಿನ ಗೋಡೆಚಿತ್ರವೊಂದನ್ನು ಅಚ್ಚಿಗೆ ಕಳಿಸಬೇಕಾಗಿದೆ, ಅದರ ಭಾಗಗಳಿಗೆ ಈ ವಾರದೊಳಗೆ ಹೆಸರು ಬೇಕು ಎಂದು ಕೇಳಿದವರಿಗೆ ಇದುವರೆಗೆ ಬಂದಿರುವ ಉತ್ತರಗಳು ಎರಡು ಬಗೆಯವು. ಉರೋಸ್ಥಿ (ಎದೆಮೂಳೆ), ಪರ್ಶುಕ (ಪಕ್ಕೆಲುಬು), ಫುಪ್ಫುಸ (ಶ್ವಾಸಕೋಶ) ಎಂದು ಎಲ್ಲವನ್ನೂ ಸಂಸ್ಕೃತದಲ್ಲಿಯೇ ಬರೆಯಿರಿ ಎನ್ನುವುದು ಒಂದು. ಉಸಿರುಚೀಲ (ಶ್ವಾಸಕೋಶ), ಮೆಲ್ಲೆಲುಬು (ಮೃದ್ವಸ್ಥಿ, ಎಂದರೆ ಬಾಗುವ ಮೆತ್ತನೆಯ ಎಲುಬು) ಎಂದು ಎಲ್ಲವನ್ನೂ ಹೊಸದಾಗಿ ಕಟ್ಟಿರಿ ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಹೆಸರನ್ನು ಓದಿದ ಹೆಂಗಸು ತನ್ನ ಮೈಮೇಲೆ ಕೈಯಿಟ್ಟು ಆ ಜಾಗವನ್ನು ತೋರಿಸಬಲ್ಲಳೇ ಎಂಬುದನ್ನು ಬಿಟ್ಟರೆ ಗೋಡೆಚಿತ್ರದ ಮಾತಿಗೆ ಬೇರೆ ಪರೀಕ್ಷೆ ಬೇಕಾಗಿಲ್ಲ.

ಪಕ್ಕೆಲುಬು ಈ ಪರೀಕ್ಷೆಯಲ್ಲಿ ಗೆದ್ದ ಪದ. ಆದರೆ ಅದನ್ನು ಅಚ್ಚಗನ್ನಡದ ಮಾದರಿಯೆಂದು ಮುಂದಿಟ್ಟು, ಉಳಿದ ಹೆಸರುಗಳೂ ಹೀಗೆಯೇ ಇರಬೇಕೆಂದು ಹಟ ಹಿಡಿದವರು ಅದರ ಮೊದಲರ್ಧವನ್ನು ನೋಡಿಲ್ಲ. ಎಲುಬು ನಮ್ಮದೇ, ತಮಿಳಿನ ಎಲುಂಬು ಅದರ ಒಡಹುಟ್ಟು. ಪಕ್ಕವಾದರೋ ಪಕ್ಷದ ತದ್ಭವ. ತತ್ಸಮಗಳನ್ನು ದೂರವಿಟ್ಟು ಇಡೀ ಕಾವ್ಯವನ್ನು ಬರೆದ 13ನೆಯ ಶತಮಾನದ ಆಂಡಯ್ಯನೇ ತದ್ಭವಗಳನ್ನು ಹೊರಗೆ ಹಾಕಲಿಲ್ಲ. ಅವನಿಗಿಂತ ಹೆಚ್ಚಿನ ಮಡಿ ನಮಗೇಕೆ ಎಂಬುದಕ್ಕೆ ಈ ಚರ್ಚೆಯಲ್ಲಿ ಯಾರೂ ಉತ್ತರ ಕೊಟ್ಟಿಲ್ಲ. ಎಲುಬು ಮತ್ತು ಮೂಳೆಗಳಲ್ಲಿ ಒಂದನ್ನೇ ಎಲ್ಲೆಡೆಯೂ ಬಳಸಬೇಕೆಂಬ ಸಲಹೆಯೂ ಬೇಡ. ಪಕ್ಕೆಲುಬು ಎನ್ನುವ ಬಾಯಿಯೇ ಬೆನ್ನುಮೂಳೆ ಎನ್ನುತ್ತದೆ. ಅದರಿಂದ ಯಾರಿಗೂ ತೊಡಕಾಗಿಲ್ಲ. ತಮಿಳಿನಲ್ಲಿ ಮೂಳೈ ಎಂದರೆ ಮಿದುಳು, ಆದ್ದರಿಂದ ಮೂಳೆ ತಪ್ಪು ಎಂದವರಿಗೆ ಇಷ್ಟೇ ಹೇಳುತ್ತೇನೆ: ಚಿತ್ರ ತೂಗುವುದು ಕರ್ನಾಟಕದಲ್ಲಿ.

ಪಕ್ಕೆಲುಬುಗಳ ಒಳವಿಂಗಡಣೆಗೆ ಮಾತ್ರ ಎಚ್ಚರ ಬೇಕು. ಒಟ್ಟು 12 ಜೊತೆಗಳಲ್ಲಿ ಮೇಲಿನ 7 ಜೊತೆಗಳು ತಮ್ಮ ತಮ್ಮ ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಮೂಳೆಯನ್ನು ಸೇರುತ್ತವೆ; 8ರಿಂದ 10ರವರೆಗಿನವು ತಮ್ಮ ಮೇಲಿನದರ ಮೃದ್ವಸ್ಥಿಯನ್ನು ಹಿಡಿದುಕೊಂಡಿರುತ್ತವೆ; 11 ಮತ್ತು 12ನೆಯವು ಮುಂದೆ ಏನನ್ನೂ ಸೇರದೆ ಹೊಟ್ಟೆಯ ಗೋಡೆಯ ಸ್ನಾಯುಗಳಲ್ಲಿ ಮುಗಿಯುತ್ತವೆ. ಇವನ್ನು ನಿಜ, ಮಿಥ್ಯ, ತೇಲುವ ಎಂದು ಅನುವಾದಿಸಿರುವುದನ್ನು ನೋಡುತ್ತೇವೆ. ಮಿಥ್ಯ ಪಕ್ಕೆಲುಬು ಎಂದು ಓದಿದವರು ಅದು ಇಲ್ಲವೇ ಇಲ್ಲವೆಂದು ತಿಳಿಯುವ ಸಾಧ್ಯತೆಯಿದೆ, ತೇಲುವುದಕ್ಕೆ ಅಲ್ಲಿ ನೀರೂ ಇಲ್ಲ. ನೇರ ಪಕ್ಕೆಲುಬು, ಕೂಡು ಪಕ್ಕೆಲುಬು, ಬಿಡಿ ಪಕ್ಕೆಲುಬು ಎಂದರೆ ರಚನೆಯನ್ನೇ ಹೇಳಿದಂತಾಗುತ್ತದೆ. ಮೃದ್ವಸ್ಥಿಯನ್ನು ಹಾಗೆಯೇ ಇಡಿ. ಮೆಲ್ಲೆಲುಬು ಸಂಧಿಯಲ್ಲಿ ನಿರ್ದುಷ್ಟವಾಗಿದ್ದರೂ ಕೇಳುವವರಿಗೆ ಮೆಲ್ಲುವ ಎಲುಬೆಂದು ತೋರುತ್ತದೆ.

ಶ್ವಾಸಕೋಶದ ವಿಷಯಕ್ಕೆ ಬರುತ್ತೇನೆ. ಫುಪ್ಫುಸವೇ ಶಾಸ್ತ್ರಶುದ್ಧವೆಂದು ಬರೆದವರು ಆಯುರ್ವೇದ ಗ್ರಂಥ ಸುಶ್ರುತಸಂಹಿತೆಯ ಶಾರೀರಸ್ಥಾನವನ್ನು (ದೇಹರಚನೆಯ ಭಾಗವನ್ನು) ಇನ್ನೊಮ್ಮೆ ನೋಡಬೇಕು. ಅಲ್ಲಿ ಹೃದಯದ ಕೆಳಗೆ ಎಡಕ್ಕೆ ಪ್ಲೀಹ (ಗುಲ್ಮ) ಮತ್ತು ಫುಪ್ಫುಸಗಳನ್ನೂ, ಬಲಕ್ಕೆ ಯಕೃತ್ತು ಮತ್ತು ಕ್ಲೋಮಗಳನ್ನೂ ಹೇಳಿದೆ; ಎಂದರೆ ಅಲ್ಲಿ ಫುಪ್ಫುಸ ಎಡಕ್ಕೆ ಮಾತ್ರ. ಕ್ಲೋಮವೆಂದರೆ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದೇ ಗ್ರಂಥ ಒಂದೊಂದು ಪಾರ್ಶ್ವಕ್ಕೆ 36 ಅಸ್ಥಿಗಳನ್ನು ಎಣಿಸುತ್ತದೆ. ಇದನ್ನು ಕೊರತೆಯೆಂದು ನಾನು ಹೇಳುತ್ತಿಲ್ಲ. ಚರಕನ ಎಣಿಕೆಯಲ್ಲಿ 24 ಪರ್ಶುಕಗಳ ಜೊತೆಗೆ ಅವುಗಳ ಸ್ಥಾಲಕಗಳು (ಎಲುಬು ಕೂರುವ ಕುಳಿಗಳು) 24, ಅರ್ಬುದಗಳು (ಉಬ್ಬುಗಳು) 24 ಬೇರೆಯಾಗಿ ಸೇರಿ 72 ಆಗುವುದನ್ನು ಕಂಡವರಿಗೆ ಆ ಲೆಕ್ಕದ ಹಿಂದಿನ ಸೂಕ್ಷ್ಮವೂ ತಿಳಿಯುತ್ತದೆ. ಆದರೆ ಆ ಹೆಸರುಗಳು ಆ ವಿಂಗಡಣೆಯೊಳಗೆ ಅರ್ಥ ಪಡೆದವು. ಇಂದಿನ ಅಂಗರಚನೆಯ ಚಿತ್ರದ ಮೇಲೆ ಅವನ್ನು ಅಂಟಿಸಿದ ಮಾತ್ರಕ್ಕೆ ಶುದ್ಧಿ ಬರುವುದಿಲ್ಲ.

ಇನ್ನು ಉಸಿರುಚೀಲ. ಬೇಡ. ಶ್ವಾಸಕೋಶದೊಳಗಿನ ಸಣ್ಣ ಅರೆಗಳಿಗೆ ಗಾಳಿಚೀಲ ಎಂಬ ಹೆಸರು ಬೇಕೇಬೇಕು. ದೊಡ್ಡದೂ ಚೀಲ, ಅದರೊಳಗಿನ ಕೋಟಿಗಟ್ಟಲೆ ಸಣ್ಣವೂ ಚೀಲ ಎಂದಾದರೆ ಓದುವವರು ಏನು ಮಾಡಬೇಕು? ಇದೇ ಕಾರಣಕ್ಕೆ ಶ್ವಾಸಕೋಶದೊಳಗೆ ವಾಯುಕೋಶ ಎಂದು ಬರೆಯುವುದನ್ನೂ ನಾನು ವಿರೋಧಿಸುತ್ತೇನೆ, ಏಕೆಂದರೆ ಜೀವಕೋಶ ಎಂಬ ಮಾತು ಶಾಲೆಯಿಂದಲೇ ತಲೆಯಲ್ಲಿ ಕೂತಿರುವಾಗ ಮೂರು ಕೋಶಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ರಾಜಿಯೆಂಬಂತೆ ಒಬ್ಬರು ಸೂಚಿಸಿದ ಉಸಿರುಕೋಶವಂತೂ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಜೋಡಿಸಿದ ಅರಿಸಮಾಸ. ಇಂಥ ಜೋಡಣೆ ಸಲ್ಲದೆನ್ನುವ ವ್ಯಾಕರಣಕಾರ ಕೇಶಿರಾಜನ ಸೂತ್ರವನ್ನು ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಪದವೇ ಬೇಕೆನ್ನುವವರು ತೆಲುಗಿನ ಊಪಿರಿತಿತ್ತಿಯನ್ನು ನೋಡಬಹುದಿತ್ತು. ಅದರ ತಿತ್ತಿ ನಮ್ಮ ಕಮ್ಮಾರಸಾಲೆಯಲ್ಲಿ ಬೆಂಕಿಗೆ ಗಾಳಿಯೂದುವ ತಿದಿಯ ನಂಟು, ಮತ್ತು ಆ ಹೆಸರಿನಲ್ಲಿ ಶರೀರಕ್ರಿಯೆಯ ಒಂದು ಸತ್ಯವೂ ಇದೆ: ಶ್ವಾಸಕೋಶ ತಾನಾಗಿ ಗಾಳಿಯನ್ನು ಎಳೆಯುವುದಿಲ್ಲ, ಪಕ್ಕೆಲುಬುಗಳು ಮೇಲೆದ್ದು ಕೆಳಗಿನ ಸ್ನಾಯು ಇಳಿದಾಗ ಹಿಗ್ಗಿ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಉಸಿರ್ತಿದಿ ಎಂಬ ಪದ ಕನ್ನಡದಲ್ಲಿ ಬೆಳೆದಿದ್ದರೆ ನಾನು ಸಂತೋಷದಿಂದ ಬಳಸುತ್ತಿದ್ದೆ. ಬೆಳೆಯಲಿಲ್ಲ, ತಿದಿಯೂ ಬಳಕೆಯಿಂದ ಸರಿಯುತ್ತಿದೆ. ಶ್ವಾಸಕೋಶ ಪತ್ರಿಕೆಗಳಲ್ಲಿ, ಆಸ್ಪತ್ರೆಯ ಚೀಟಿಗಳಲ್ಲಿ, ಜನರ ಬಾಯಲ್ಲಿ ನಿಂತಿದೆ, ಅದೇ ಇರಲಿ. ಅದರ ವಿಭಾಗಗಳಿಗೆ ಹಾಲೆ ಎಂಬ ಒಳ್ಳೆಯ ಮಾತು ಕಿವಿಯಿಂದಲೇ ಬಂದಿದೆ: ಬಲಗಡೆ 3, ಎಡಗಡೆ 2.

ಎದೆ ಎಂಬುದು ಅಸ್ಪಷ್ಟ, ಅದು ಹೃದಯವೂ ಆಗುತ್ತದೆ, ಸ್ತನವೂ ಆಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಎರ್ದೆ ಎಂದಿದ್ದ ಕಾಲದಿಂದಲೂ ಅದು ಮನಸ್ಸು, ಧೈರ್ಯ, ಮೈಯ ಭಾಗ ಎಲ್ಲವನ್ನೂ ಹೊತ್ತುಕೊಂಡು ಬಂದಿದೆ. ಆದರೂ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಮತ್ತು ಜಯದೇವ ಹೃದ್ರೋಗ ಸಂಸ್ಥೆ ಎಂಬ ಎರಡು ಫಲಕಗಳು ಒಂದೇ ಊರಿನಲ್ಲಿ ನಿಂತು ಈ ವ್ಯತ್ಯಾಸವನ್ನು ಉಳಿಸಿಕೊಂಡಿವೆ. ಚಿತ್ರದ ತಲೆಬರಹಕ್ಕೆ ಎದೆಗೂಡು ಎಂದು ಬರೆದರೆ ಸಂಶಯವೇ ಉಳಿಯುವುದಿಲ್ಲ; ಬೆನ್ನಿನ ಕಡೆಯ ನೋಟಕ್ಕೂ ಅದು ಸಲ್ಲುತ್ತದೆ. ಎದೆಪಂಜರ ಬರೆಯಬೇಡಿ, ಅದೂ ಅರಿಸಮಾಸ.

ನನ್ನ ನಿಜವಾದ ತಕರಾರು ವಪೆಯ ಮೇಲೆ. ಪಠ್ಯಪುಸ್ತಕಗಳು ಎದೆ ಮತ್ತು ಹೊಟ್ಟೆಗಳ ನಡುವಿನ ಸ್ನಾಯುವಿಗೆ ಈ ಹೆಸರನ್ನು ಕೊಟ್ಟಿವೆ. ಸಂಸ್ಕೃತದಲ್ಲಿ ವಪಾ ಎಂದರೆ ಕರುಳನ್ನು ಹೊದ್ದುಕೊಂಡಿರುವ ಕೊಬ್ಬಿನ ಪೊರೆ. ಪಶುಯಾಗದಲ್ಲಿ ಬೇರೆಯಾಗಿ ತೆಗೆದು ಆಹುತಿ ಕೊಡುತ್ತಿದ್ದುದು ಅದನ್ನು. ಉಸಿರಾಟದ ಮುಖ್ಯ ಸ್ನಾಯುವಿಗೂ ಅದಕ್ಕೂ ಸಂಬಂಧವಿಲ್ಲ. ಸ್ನಾಯುವಿನ ಅರ್ಥವೂ ಹೀಗೆಯೇ ಪಲ್ಲಟವಾಗಿಲ್ಲವೇ ಎಂದು ಕೇಳುವವರಿರಬಹುದು. ಆಗಿದೆ: ಆಯುರ್ವೇದದಲ್ಲಿ ಅದು ಕಟ್ಟುನಾರು, ಹಿಂದಿಯಲ್ಲಿ ನರ, ನಮ್ಮಲ್ಲಿ ಮಾಂಸಖಂಡ. ಆದರೆ ಸ್ನಾಯುವಿನ ಹೊಸ ಅರ್ಥವನ್ನು ಜನ ಬಳಸಿ ಬಳಸಿ ಗಟ್ಟಿ ಮಾಡಿದರು. ವಪೆಯನ್ನು ಪರೀಕ್ಷೆ ಮುಗಿದ ಮೇಲೆ ಯಾರೂ ಬಾಯಲ್ಲಿ ತರುವುದಿಲ್ಲ. ಬಳಕೆಯೂ ಇಲ್ಲದ, ಮೂಲಾರ್ಥಕ್ಕೂ ಹೊಂದದ ಪದವನ್ನು ಎರವಲು ತಂದದ್ದು ಏಕೆ? ಡಯಾಫ್ರಮ್ ಎಂದು ಕನ್ನಡ ಲಿಪಿಯಲ್ಲಿ ಬರೆಯಿರಿ, ದಾದಿಯರೂ ವೈದ್ಯರೂ ಹೇಳುವುದು ಅದನ್ನೇ. ಕೆಳಗೆ ಸಣ್ಣ ಅಕ್ಷರದಲ್ಲಿ ಉಸಿರಾಟದ ಸ್ನಾಯು ಎಂದು ಸೇರಿಸಿ. ಇಂಗ್ಲಿಷಿಗೆ ಶರಣಾಗತಿ ಎಂದು ಇದನ್ನು ಹಳಿಯುವವರು, ಅದೇ ಗ್ರೀಕ್ ಮೂಲದ ಪದವನ್ನು ಇಂಗ್ಲಿಷಿನವರೂ ಎರವಲಾಗಿಯೇ ಪಡೆದರೆಂಬುದನ್ನು ನೆನಪಿಡಲಿ.

ನಾಳೆಯೇ ಅಚ್ಚಿಗೆ ಹೋಗುವುದಾದರೆ ಎದೆಮೂಳೆ, ಕೊರಳೆಲುಬು, ಪಕ್ಕೆಲುಬು, ಪಕ್ಕೆಲುಬುಗಳ ನಡುವಿನ ಸ್ನಾಯು, ಶ್ವಾಸನಾಳ ಮತ್ತು ಅದರ ಕವಲುಗಳು, ಬಲ ಮತ್ತು ಎಡ ಶ್ವಾಸಕೋಶ, ಗಾಳಿಚೀಲ, ಡಯಾಫ್ರಮ್ ಎಂದು ಬರೆಯಿರಿ. ಎರಡು ಪದರದ ಪೊರೆಗೆ ಶ್ವಾಸಕೋಶದ ಹೊದಿಕೆ ಸಾಕು. ಬಲ, ಎಡಗಳು ರೋಗಿಯವೇ ಹೊರತು ನೋಡುವವರವಲ್ಲ ಎಂಬುದನ್ನು ಚಿತ್ರದ ಮೂಲೆಯಲ್ಲಿ ನಮೂದಿಸಿ. ಕಲಾವಿದರಿಗೂ ಎರಡು ಮಾತು ತಿಳಿಸಿ: ಶ್ವಾಸಕೋಶದ ತುದಿ ಕೊರಳೆಲುಬಿಗಿಂತ ತುಸು ಮೇಲಕ್ಕೆ ಚಾಚಿರಬೇಕು, ಡಯಾಫ್ರಮನ್ನು ಚಪ್ಪಟೆ ಗೆರೆಯಾಗಿ ಎಳೆಯದೆ ಎರಡು ಗುಮ್ಮಟಗಳಾಗಿ ಬರೆದು, ಕೆಳಗೆ ಯಕೃತ್ತು ಇರುವುದರಿಂದ ಬಲಗಡೆಯದನ್ನು ಸ್ವಲ್ಪ ಎತ್ತರದಲ್ಲಿಡಬೇಕು.