ಮನೆ ಸಿಡಿಸಿದ್ದು ಯಾಕೆ?

(ನಮ್ಮ ಮನೆ ಗುಂಪು, ಭಾನುವಾರ ಬೆಳಿಗ್ಗೆ)

ಚಿಕ್ಕಪ್ಪ: [ವಿಡಿಯೊ] ‘ಲಿಟ್ಲ್ ಹೌಸ್ ಆನ್ ದ ಪ್ರೇರಿ’ ಅನ್ನೋ ಅಮೆರಿಕದ ಹಳೇ ಟಿವಿ ಧಾರಾವಾಹಿಯ ಕೊನೆ ನೋಡಿ. ಊರಿನ ಜಾಗವೆಲ್ಲ ಸಾಹುಕಾರನ ಪಾಲಾಯಿತು ಅಂತ ಜನ ತಮ್ಮ ಮನೆಗಳಿಗೆ ತಾವೇ ಡೈನಮೈಟ್ ಇಟ್ಟು, ಹಾಡು ಹೇಳಿಕೊಂಡು ಹೊರಟುಹೋಗುತ್ತಾರೆ. ನಿಜವಾಗಿ ನಡೆದ ಕಥೆ. ಸ್ವಾಭಿಮಾನ ಅಂದರೆ ಇದು! ಈಗಿನ ಸೀರಿಯಲ್‌ನವರು ಕಲಿಯಬೇಕು.

ಅಮ್ಮ: ಇದು ನಾನು ನೋಡಿದ್ದೇನೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದಾಗ, ಮಧ್ಯಾಹ್ನ ಮಗು ಮಲಗಿದ ಮೇಲೆ ಇದೇ ಕೆಲಸ. ಇಂಗ್ಲಿಷ್ ಅರ್ಧ ತಿಳಿಯುತ್ತಿರಲಿಲ್ಲ, ಅಳು ಮಾತ್ರ ಸರಿಯಾದ ಜಾಗದಲ್ಲಿ ಬರುತ್ತಿತ್ತು.

ತಮ್ಮ: ನಿಜವಾಗಿ ನಡೆದಿದ್ದಲ್ಲ ಚಿಕ್ಕಪ್ಪ. ಕಥೆ ನಡೆಯೋ ಊರು ವಾಲ್‌ನಟ್ ಗ್ರೋವ್ ಇವತ್ತಿಗೂ ಮಿನೆಸೋಟದಲ್ಲಿದೆ. ಸೆಟ್ ಹಾಕಿದ್ದು ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯಲ್ಲಿ, ಬೇರೆಯವರ ಜಾಗ. ಶೂಟಿಂಗ್ ಮುಗಿದ ಮೇಲೆ ಮೊದಲು ಹೇಗಿತ್ತೋ ಹಾಗೆ ಬಿಟ್ಟುಕೊಡಬೇಕು ಅಂತ ಕರಾರು. ಹೇಗೂ ಕೆಡವಲೇಬೇಕಲ್ಲ, ಧಾರಾವಾಹಿ ಮಾಡಿದ, ಅದರಲ್ಲಿ ಅಪ್ಪನ ಪಾತ್ರವನ್ನೂ ಹಾಕಿದ ಮೈಕೆಲ್ ಲ್ಯಾಂಡನ್ ಅದನ್ನೇ ಕಥೆಗೆ ಸೇರಿಸಿದ. ಪ್ರಸಾರ ಆಗಿದ್ದು 1984ರ ಫೆಬ್ರುವರಿಯಲ್ಲಿ.

ಚಿಕ್ಕಪ್ಪ: ನಿನ್ನದು ಎಲ್ಲದಕ್ಕೂ ಒಂದು ಕೊಂಕು. ಕಥೆಯ ಹುಡುಗಿ ಲಾರಾ ಅನ್ನೋಳು ಇದ್ದಳೋ ಇಲ್ಲವೋ?

ತಮ್ಮ: ಇದ್ದಳು, ಪುಸ್ತಕಗಳನ್ನೂ ಬರೆದಳು. ಆದರೆ ಟಿವಿಯ ಅಪ್ಪ ಒಂದೇ ಊರಲ್ಲಿ ಕೂತು ಎಲ್ಲರ ಜಗಳ ಬಿಡಿಸುತ್ತಾನೆ. ಅವಳ ನಿಜವಾದ ಅಪ್ಪ ಚಾರ್ಲ್ಸ್ ಇಂಗಲ್ಸ್ ಕಾಲೂರಿದ್ದೇ ಕಡಿಮೆ. ವಿಸ್ಕಾನ್ಸಿನ್, ಕನ್ಸಾಸ್, ಮತ್ತೆ ವಿಸ್ಕಾನ್ಸಿನ್, ಮಿನೆಸೋಟ, ಅಯೋವಾ, ಮತ್ತೆ ಮಿನೆಸೋಟ, ಕೊನೆಗೆ ಡಕೋಟ. ಕನ್ಸಾಸ್‌ನಲ್ಲಿ 1869ರಲ್ಲಿ ಹೋಗಿ ಮನೆ ಕಟ್ಟಿದ ಜಾಗ ಅಲ್ಲಿನ ಮೂಲನಿವಾಸಿಗಳಾದ ಓಸೇಜ್ ಜನರದ್ದು. ಇದಕ್ಕೆ ಸ್ವಾಭಿಮಾನ ಅಂತೀರಾ, ಒತ್ತುವರಿ ಅಂತೀರಾ?

ಚಿಕ್ಕಪ್ಪ: ಖಾಲಿ ಬಿದ್ದ ಹುಲ್ಲುಗಾವಲು. ಬೆವರು ಸುರಿಸಿ ಉತ್ತರು. ಉಳುವವನೇ ಒಡೆಯ ಅಂತ ನಾವೂ ಕೂಗಿದವರೇ ಅಲ್ವಾ?

ತಮ್ಮ: ಅದು ಗೇಣಿಗೆ ಮಾಡಿದವರಿಗೆ. ಇವರು ಯಾರ ಗೇಣಿಯಲ್ಲಿದ್ದರು? ‘ಖಾಲಿ’ ಅನ್ನೋದೇ ತಕರಾರು. ಲಾರಾಳ ಪುಸ್ತಕದಲ್ಲೂ ಮೊದಲು ‘ಅಲ್ಲಿ ಜನ ಇರಲಿಲ್ಲ, ಇಂಡಿಯನ್ನರು (ಅಂದರೆ ಆ ಮೂಲನಿವಾಸಿಗಳು) ಮಾತ್ರ ಇದ್ದರು’ ಅನ್ನುವ ಅರ್ಥದ ಸಾಲಿತ್ತು. ಹಾಗಾದರೆ ಅವರು ಜನ ಅಲ್ವಾ ಅಂತ ಆಕ್ಷೇಪ ಬಂದ ಮೇಲೆ 1953ರ ಮುದ್ರಣದಲ್ಲಿ ‘ಜನ’ ಹೋಗಿ ‘ವಲಸಿಗರು’ ಬಂತು.

ಅಕ್ಕ: ಇಲ್ಲಿ ರಾತ್ರಿ ಹನ್ನೊಂದೂವರೆ, ಫೋನು ಒಂದೇ ಸಮ ಕುಣೀತಿದೆ. ಇರಲಿ, ಆ ವಾಲ್‌ನಟ್ ಗ್ರೋವ್‌ಗೆ ಹೋದ ವರ್ಷ ನಾವು ಹೋಗಿದ್ದೆವು. ಪ್ಲಮ್ ಕ್ರೀಕ್ ಅಂತ ಹಳ್ಳ, ಅದರ ದಂಡೆಯಲ್ಲಿ ಇಂಗಲ್ಸ್ ಸಂಸಾರದ ಆ ಊರಿನ ಮೊದಲ ಮನೆ. ಮನೆ ಅಂದರೆ ದಂಡೆ ಕೊರೆದು ಮಾಡಿದ ಗೂಡು. ಮಾಡಿಗೆ ಹಂಚಿಲ್ಲ, ಹುಲ್ಲಿನ ಬೇರು ಹಿಡಿದ ಮಣ್ಣಿನ ಹೆಂಟೆ ಅಷ್ಟೇ. ಪುಸ್ತಕದಲ್ಲಿ ಒಂದು ಎತ್ತು ಅದರ ಮೇಲೆ ಓಡಿ, ಕಾಲು ಮಾಡು ತೂತು ಮಾಡಿಕೊಂಡು ಒಳಗೆ ಇಳಿಯುತ್ತದೆ. ಈಗ ಅಲ್ಲಿರೋದು ಒಂದು ತಗ್ಗು, ಒಂದು ಬೋರ್ಡು. ‘ಟಿವಿಲಿರೋ ಮನೆ ಎಲ್ಲಿ’ ಅಂತ ನನ್ನ ಮಗ ಕಾರು ಹತ್ತೋವರೆಗೂ ರಗಳೆ. ಗೋಧಿ ಬರುತ್ತೆ ಅಂತ ಸಾಲದಲ್ಲಿ ಹಲಗೆ ಮನೆ ಕಟ್ಟಿದರಂತೆ. ಬಂದದ್ದು ಮಿಡತೆ. ಲಾರಾಳ ಅಪ್ಪ ಬೇರೆಯವರ ಹೊಲದಲ್ಲಿ ಕೊಯ್ಲಿನ ಕೂಲಿಗೆ ಪೂರ್ವದ ಕಡೆ ನಡೆದೇ ಹೋದ. ಸ್ವಾಭಿಮಾನವೋ ಒತ್ತುವರಿಯೋ, ಆ ತಗ್ಗಿನ ಮುಂದೆ ನಿಂತಾಗ ನನಗೆ ಎರಡೂ ಹೊಳೆಯಲಿಲ್ಲ. ಐದು ಜನ ಇದರೊಳಗೆ ಹೇಗೆ ಮಲಗುತ್ತಿದ್ದರು ಅನ್ನಿಸಿತು.

ಅಮ್ಮ: ಆ ಕಣ್ಣು ಹೋದ ಹುಡುಗಿಗೆ ಮದುವೆ ಆಯಿತಲ್ಲ, ಅದಾದರೂ ನಿಜ ತಾನೇ?

ಅಕ್ಕ: ಇಲ್ಲಮ್ಮ. ಲಾರಾಳ ಅಕ್ಕ ಮೇರಿ ಮದುವೆಯೇ ಆಗಲಿಲ್ಲ. ಅಯೋವಾದ ಅಂಧರ ಕಾಲೇಜಿನಲ್ಲಿ ಓದಿ ಮನೆಗೆ ವಾಪಸ್ ಬಂದಳು.

ಅಮ್ಮ: ಛೆ. ಅದೊಂದು ನೀನು ಹೇಳಬಾರದಿತ್ತು.

ಚಿಕ್ಕಪ್ಪ: ನೋಡಿ, ಅತ್ತಿಗೆಗೂ ಬೇಜಾರು ಮಾಡಿದಿರಿ. ಕಥೆಯನ್ನು ಕಥೆ ಥರ ನೋಡಕ್ಕೆ ಏನು ಕಷ್ಟ?

ತಮ್ಮ: ‘ನಿಜವಾಗಿ ನಡೆದ ಕಥೆ’ ಅಂತ ಹಾಕಿದ್ದು ಯಾರು?

ನಾನು: ಒಂದು ಮಾತು. ಇಂಗಲ್ಸ್‌ರ ಪುಟ್ಟ ಮನೆಯನ್ನು ಇದರಲ್ಲಿ ಸಿಡಿಸೋದೇ ಇಲ್ಲ. ಅದನ್ನೂ ಚರ್ಚನ್ನೂ ಉಳಿಸಿದ್ದಾರೆ.

ಚಿಕ್ಕಪ್ಪ: ಹೌದಾ? ನಾನು ಅಲ್ಲೀತನಕ ನೋಡಿರಲಿಲ್ಲ.

ಅಮ್ಮ: ಮೊದಲು ನೋಡು, ಆಮೇಲೆ ಕಳಿಸು ಮಾರಾಯ.

ಚಿಕ್ಕಪ್ಪ: ಈಗ ನೋಡ್ತಾ ಇದ್ದೇನೆ ಅತ್ತಿಗೆ. ಮುಗಿಯೋವರೆಗೆ ಯಾರೂ ಮೆಸೇಜ್ ಹಾಕಬೇಡಿ.