ನೀತಿ ಬಾಯಿಪಾಠ ಆಗಿದೆ, ಮಕ್ಕಳಿಗೆ ತಾಗಿಲ್ಲ. ಕಥೆಯನ್ನು ಆಟ ಆಡಿಸೋದು ಹೇಗೆ?

ಸಿದ್ದಾಪುರ ಟೀಚರ್:
ಎಲ್ಲರಿಗೂ ನಮಸ್ಕಾರ. ಇಲ್ಲೇ ಒಂದು ಕಾಫಿ ತೋಟದಲ್ಲಿ ಲೈನ್ ಮನೆ (ಕಾರ್ಮಿಕರ ಸಾಲು ಮನೆ) ಮಕ್ಕಳಿಗೆ ಸಂಜೆ ಕಥೆ ಹೇಳುತ್ತೇನೆ. ಐದರಿಂದ ಎಂಟು ವರ್ಷದವರು. ಮನೆಯಲ್ಲಿ ಒಬ್ಬರದು ಯರವ ಭಾಷೆ, ಒಬ್ಬರದು ಮಲಯಾಳ, ಈಗೀಗ ಅಸ್ಸಾಮಿ ಮಕ್ಕಳೂ ಇದ್ದಾರೆ. ‘ಹುಲಿ ಬಂತು ಹುಲಿ’ ಕಥೆ ಮುಗಿಸಿ ಏನು ಕಲಿತಿರಿ ಅಂದರೆ, "ಸುಳ್ಳು ಹೇಳಬಾರದು ಟೀಚರ್" ಅಂತ ಎಲ್ಲರೂ ರಾಗವಾಗಿ ಕೂಗುತ್ತಾರೆ. ಕೂಗಿದವನ ಜೇಬಲ್ಲೇ ಪಕ್ಕದವಳ ರಬ್ಬರ್ ಇರುತ್ತದೆ. ಕೇಳಿದರೆ, "ನಾನು ತೆಗೆದೇ ಇಲ್ಲ."

ಆಟ ಆಡಿಸಿ ನೋಡಿದೆ. ಎಲ್ಲರಿಗೂ ಹುಲಿಯೇ ಆಗಬೇಕು. ಗರ್ಜಿಸಿ, ಉರುಳಾಡಿ, ಒಬ್ಬರನ್ನೊಬ್ಬರು ಕಚ್ಚಿ ಮುಗಿಸುತ್ತಾರೆ. ಕಥೆ ಮಾತ್ರ ಎಲ್ಲೋ ಕಳೆದುಹೋಗುತ್ತದೆ. ಮಳೆ ಬೇರೆ, ಹೊರಗೆ ಬಿಡುವ ಹಾಗಿಲ್ಲ, ಇರೋದು ಒಂದೇ ಕೋಣೆ. ಯಾರಾದರೂ ಮಾಡಿದವರು ಇದ್ದೀರಾ?

ಸೋಮವಾರಪೇಟೆ ಮೇಷ್ಟ್ರು:
ಟೀಚರ್, ಮೊದಲು ಆ ಹುಲಿಯನ್ನು ಬಿಡಿ. ನಿಮ್ಮ ಕಡೆ ಮಕ್ಕಳಿಗೆ ಗೊತ್ತಿರೋದು ಆನೆ. ಹಲಸು ಹಣ್ಣಾದಾಗ ಅದು ತೋಟಕ್ಕೆ ಇಳಿದರೆ ಯಾರು ಯಾರಿಗೆ ಫೋನ್ ಮಾಡುತ್ತಾರೆ, ಪಟಾಕಿ ಯಾರು ಹೊಡೆಯುತ್ತಾರೆ, ಎಲ್ಲಾ ಅವರಿಗೆ ಗೊತ್ತು. ಭಾಷೆ ಅರ್ಧ ಬಂದರೂ ಸಾಕು.

ನಾನು ಆಡಿಸುತ್ತಿದ್ದದ್ದು ಹೀಗೆ. ಒಬ್ಬನನ್ನು ಬೆಂಚಿನ ಮೇಲೆ ನಿಲ್ಲಿಸಿ, ಅವನೇ ಕಾವಲು. ಉಳಿದವರು ಬಗ್ಗಿ ಕಾಫಿ ಕುಯ್ಯಲಿ. ಅವನು "ಆನೆ!" ಅಂದರೆ ಎಲ್ಲರೂ ಓಡಿ ಎದುರು ಗೋಡೆ ಮುಟ್ಟಬೇಕು. ವಾಪಸ್ ಬಂದು ಚೆಲ್ಲಿದ ಕಾಳನ್ನು ಒಂದೊಂದೇ ಹೆಕ್ಕಿ ಬುಟ್ಟಿಗೆ ಹಾಕಬೇಕು. ಇದು ಮುಖ್ಯ. ಕಾಳು ಹೆಕ್ಕುವ ಬೇಜಾರಿಗೇ ಮೂರನೇ ಸಲ ಯಾರೂ ಏಳೋದಿಲ್ಲ, ನೀವು ಹೇಳಿಕೊಡುವುದೇ ಬೇಡ. ಆಗ ನಿಜವಾದ ಆನೆಯನ್ನು ಒಳಗೆ ಬಿಡಿ. ಬೆಂಚಿನ ಮೇಲಿನವನು ಗಂಟಲು ಹರಿಯೋ ಹಾಗೆ ಕೂಗುತ್ತಾನೆ, ಒಬ್ಬರೂ ತಲೆ ಎತ್ತೋದಿಲ್ಲ. ಅವನ ಮುಖ ನೋಡಬೇಕು ನೀವು!

ಅಲ್ಲೇ ಆಟ ನಿಲ್ಲಿಸಿ. ನೀತಿ ಕೇಳಲೇಬೇಡಿ. "ಈಗ ಏನು ಮಾಡಿದರೆ ಇವರು ಏಳ್ತಾರೆ?" ಅಂತ ಅವನನ್ನೇ ಕೇಳಿ. ನಮ್ಮ ಹುಡುಗಿಯೊಬ್ಬಳು, "ನಾನು ಕೂಗಲ್ಲ ಸಾರ್, ನಾನೇ ಓಡ್ತೀನಿ, ನೋಡಿ ಅವರೂ ಓಡ್ತಾರೆ" ಅಂದಳು. ಆಮೇಲೆ ಮೋಸ ಹೋದವರಲ್ಲಿ ಒಬ್ಬರನ್ನು ಬೆಂಚು ಹತ್ತಿಸಿ.

ಗರ್ಜನೆಯ ಕಾಟಕ್ಕೂ ಮದ್ದು ಇದೆ. ಆನೆ ನಡೆದರೆ ಸದ್ದಾಗಲ್ಲ ಅಂತ ಆ ಮಕ್ಕಳೇ ನಿಮಗೆ ಹೇಳುತ್ತಾರೆ. ಸದ್ದಿಲ್ಲದೆ ಗೋಡೆಯಿಂದ ಗೋಡೆಗೆ ನಡೆದವರಿಗೆ ಮಾತ್ರ ಆನೆ ಪಾತ್ರ. ಕೋಣೆ ತಣ್ಣಗಾಗುತ್ತದೆ, ನೋಡಿ.

ಸರ್ಕಾರಿ ಶಾಲೆಯಲ್ಲಿ ಆಟ ಆಡಿಸುತ್ತಾ ಕಲಿಸುವ ನಲಿಕಲಿ ಪದ್ಧತಿ 1995ರಲ್ಲಿ ಶುರುವಾಗಿದ್ದು ನಾಗರಹೊಳೆಯ ಆಚೆ ಬದಿ, ಹೆಗ್ಗಡದೇವನಕೋಟೆಯಲ್ಲಿ. ಆಟ ಅಂದರೆ ಪಾಠ ತಪ್ಪಿಸೋದು ಅಂತ ಮೂಗು ಮುರಿಯುವವರು ಅವತ್ತೂ ಇದ್ದರು, ಇವತ್ತೂ ಇದ್ದಾರೆ. ತಲೆ ಕೆಡಿಸಿಕೊಳ್ಳಬೇಡಿ.

ಪೊನ್ನಂಪೇಟೆ ಹುಡುಗಿ:
ಮೇಷ್ಟ್ರೇ, ಕಾಳು ಹೆಕ್ಕಿಸೋದು ಸೂಪರ್! ನಾನು ಮನಃಶಾಸ್ತ್ರ ಓದುತ್ತಿರೋದು, ಒಂದು ಮಾತು ಸೇರಿಸ್ತೀನಿ. ಕೆನಡಾದ ಕ್ಯಾಂಗ್ ಲೀ ಮತ್ತು ಜೊತೆಯವರ ಒಂದು ಅಧ್ಯಯನ 2014ರಲ್ಲಿ ಬಂತು. 3ರಿಂದ 7 ವರ್ಷದ ಮಕ್ಕಳಿಗೆ, ಬೆನ್ನ ಹಿಂದಿನ ಆಟಿಕೆಯನ್ನು ತಿರುಗಿ ನೋಡಬೇಡ ಅಂತ ಹೇಳಿ ಹೊರಗೆ ಹೋದರು. ವಾಪಸ್ ಬಂದು ಒಂದು ಕಥೆ ಓದಿ, "ನೋಡಿದೆಯಾ?" ಅಂತ ಕೇಳಿದರು. ಇದೇ ಸುಳ್ಳುಗಾರ ಹುಡುಗನ ಕಥೆ (ಅಲ್ಲಿ ತೋಳ) ಕೇಳಿದವರು ನಿಜ ಒಪ್ಪಿಕೊಂಡಿದ್ದೇನೂ ಜಾಸ್ತಿ ಆಗಲಿಲ್ಲ. ಚೆರ್ರಿ ಮರ ಕಡಿದು ನಿಜ ಹೇಳಿ ಅಪ್ಪನಿಂದ ಮೆಚ್ಚುಗೆ ಪಡೆದ ಹುಡುಗನ ಕಥೆ ಕೇಳಿದವರಲ್ಲಿ ಜಾಸ್ತಿ ಮಕ್ಕಳು ಒಪ್ಪಿಕೊಂಡರು. ಆ ಕಥೆಯ ಕೊನೆಯನ್ನು ಶಿಕ್ಷೆಗೆ ತಿರುಗಿಸಿದಾಗ ಪರಿಣಾಮ ಹೋಯಿತು.

ಅದು ಆಟ ಅಲ್ಲ, ಬರೀ ಓದಿದ ಕಥೆ. ಆದರೂ ನನಗೆ ಅನಿಸೋದು, ಆನೆ ಬಂದು ತುಳಿಯಿತು ಅಂತ ಮುಗಿಸಬೇಡಿ. ಬೆಂಚಿನ ಮೇಲಿನವನು, "ಆಗ ಸುಮ್ನೆ ಕೂಗಿದ್ದೆ, ಈಗ ನಿಜ" ಅನ್ನಲಿ. ಎಲ್ಲರೂ ಅವನನ್ನು ನಂಬಿ ಏಳಲಿ.

ಮಾಲ್ದಾರೆ ಅಣ್ಣ:
ಆಟ ಚೆನ್ನಾಗಿದೆ. ಆದರೆ ಟೀಚರ್, ಮೊದಲು ಮನೆಗಳಲ್ಲಿ ವಿಚಾರಿಸಿ. ನಮ್ಮ ಕಡೆ ಆನೆಯಿಂದ ಪೆಟ್ಟು ತಿಂದವರ ಮಕ್ಕಳು, ಮೊಮ್ಮಕ್ಕಳು ಇರುತ್ತಾರೆ. ಅಂಥ ಮಗುವಿಗೆ ಇದು ಆಟ ಆಗಲ್ಲ.

ಸಿದ್ದಾಪುರ ಟೀಚರ್:
ಹೌದು ಅಣ್ಣ, ಒಬ್ಬ ಇದ್ದಾನೆ. ಅವನ ತಾತ. ಮೇಷ್ಟ್ರೇ, ಅವನಿಗೆ ಪಟಾಕಿ ಹೊಡೆಯುವ ಗಾರ್ಡ್ ಪಾತ್ರ ಕೊಟ್ಟರೆ ಹೇಗೆ? ಅಥವಾ ಬೇಡವೇ ಬೇಡ್ವಾ?

ಸೋಮವಾರಪೇಟೆ ಮೇಷ್ಟ್ರು:
ಬೇಡ. ಅವನಿರುವ ಗುಂಪಿಗೆ ಆನೆ ಬೇಡವೇ ಬೇಡ, ಹೆಜ್ಜೇನು ಮಾಡಿ. "ಜೇನು ಎದ್ದಿದೆ!" ಅಂದರೆ ಎಲ್ಲರೂ ಕಂಬಳಿ ಹೊದ್ದು ಮಲಗಬೇಕು. ಉಳಿದದ್ದೆಲ್ಲಾ ಅದೇ. ಕಾಳು ಮಾತ್ರ ಜಾಸ್ತಿ ಚೆಲ್ಲಿ.