ಕೊಡಗಿಗೆ ಫುಟ್ಬಾಲ್ ಲೀಗ್ ಬೇಕಾ, ನಾಕೌಟೇ ಸಾಕಾ?

ರೊಬಸ್ಟಾ ರೈಟ್‌ಬ್ಯಾಕ್: ಭಾನುವಾರ ಐದೂವರೆಗೆ ಎದ್ದು ಪಿಕಪ್ ಹಿಂದೆ ಕೂತ್ಕೊಂಡು ಸೋತ್ರೆ ಮನೆಗೆ ಅನ್ನೋ ನಾಕೌಟ್ ಟೂರ್ನಿಗೆ ಹೋದ್ವಿ, ಗೋಲಿಲ್ಲದೆ ಡ್ರಾ ಆಯ್ತು, ಪೆನಾಲ್ಟೀಲಿ ಔಟ್, ಹತ್ತು ಗಂಟೆಗೆಲ್ಲ ಹೋಟ್ಲಲ್ಲಿ ಪರೋಟ ತಿಂತಾ ಕೂತಿದ್ವಿ. ಈ ವರ್ಷ ನಾಲ್ಕು ಟೂರ್ನಿಗೆ ಹೋಗಿ ಒಟ್ಟು ಆಡಿದ್ದು ಆರೇ ಮ್ಯಾಚ್. ಜಿಲ್ಲೆಯ ಹತ್ತು ಟೀಮ್ ಸೇರ್ಕೊಂಡು, ಎಲ್ರೂ ಎಲ್ರ ಜೊತೆ ಒಂದೊಂದ್ಸಲ ಆಡೋ ಲೀಗ್ ಮಾಡಿದ್ರೆ ಒಬ್ಬೊಬ್ರಿಗೂ ಒಂಬತ್ತು ಮ್ಯಾಚ್ ಗ್ಯಾರಂಟಿ ಅಲ್ವಾ?

ಬೈಲುಗದ್ದೆ: ಹತ್ತು ಟೀಮ್ ಲೀಗ್ ಅಂದ್ರೆ 45 ಮ್ಯಾಚ್ ಮಾರಾಯ. ನಾಕೌಟಾದ್ರೆ ಒಂಬತ್ತಕ್ಕೆ ಮುಗೀತು, ಎರಡು ದಿನದ ಶಾಮಿಯಾನ, ಊಟ, ರೆಫ್ರಿ ದುಡ್ಡು ಅಷ್ಟೆ. ಮತ್ತೆ ಯಾವಾಗ ಆಡ್ಸ್ತೀಯ? ಜೂನಿಂದ ಸೆಪ್ಟೆಂಬರ್ ತನಕ ಗ್ರೌಂಡಲ್ಲಿ ನಾಟಿ ಮಾಡ್ಬೋದು, ಡಿಸೆಂಬರ್ ಬಂತಂದ್ರೆ ಕಾಫಿ ಕುಯ್ಲು, ನಮ್ ಗೋಲ್‌ಕೀಪರ್ ಭಾನುವಾರನೂ ಕಣದಲ್ಲಿ ಕಾಫಿ ಹರವ್ತಿರ್ತಾನೆ, ಏಪ್ರಿಲ್ ಮೇ ಪೂರ್ತಿ ಹಾಕಿ.

ಹಾಕಿಮನೆ: ಹಾಕಿ ನೋಡೇ ಕಲೀರಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವ್ರು ಶುರು ಮಾಡಿದ, ಕೊಡವ ಮನೆತನಕ್ಕೊಂದು ಟೀಮ್ ಆಡೋ ಕೌಟುಂಬಿಕ ಹಾಕಿ 2024ಕ್ಕೆ ನಾಪೋಕ್ಲಲ್ಲಿ 360 ಟೀಮ್ ಆಗಿ ಗಿನ್ನೆಸ್‌ಗೆ ಹೋಯ್ತು. ನಾಕೌಟ್ ಆಗಿದ್ದಕ್ಕೇ ಸಾಧ್ಯ ಆಗಿದ್ದು. ಅದನ್ನ ಲೀಗ್ ಮಾಡಿದ್ರೆ 64,620 ಮ್ಯಾಚ್, ನಮ್ ಮರಿಮಕ್ಕಳು ಫೈನಲ್ ನೋಡ್ಬೇಕಿತ್ತು 😄

ರೊಬಸ್ಟಾ ರೈಟ್‌ಬ್ಯಾಕ್: ಅಣ್ಣ ಅದು ಹಬ್ಬ. ಅಜ್ಜಿ ಮೊಮ್ಮಗಳು ಒಂದೇ ಟೀಮಲ್ಲಿ ಆಡ್ತಾರೆ, ಮೊದಲ್ನೇ ರೌಂಡಲ್ಲಿ ಸೋತ್ರೂ ನಗ್ತಾ ಮನೆಗೆ ಬರ್ತಾರೆ. ನಮ್ ಹುಡುಗ್ರಿಗೆ ಬೇಕಾಗಿರೋದು ಬೇರೆ. ಬೆಂಗಳೂರು ಸೂಪರ್ ಡಿವಿಷನ್ ಮಟ್ಟಕ್ಕೆ ಹೋಗ್ಬೇಕಂದ್ರೆ ಪ್ರತಿ ವಾರ ಹನ್ನೊಂದು ಜನರ ಆಟ ಆಡಿರ್ಬೇಕು. ಇಲ್ಲಿ ಏಳೇಳು ಜನರ ಸೆವೆನ್ಸ್ ಆಡ್ಕೊಂಡು, ಆಫ್‌ಸೈಡ್ (ಎದುರಾಳಿ ಡಿಫೆಂಡರ್‌ಗಳನ್ನ ದಾಟಿ ನಿಂತು ಪಾಸ್ ತಗೊಳ್ಳೋ ತಪ್ಪು) ಇಲ್ದೆ ಗೋಲ್ ಬಾಯಲ್ಲೇ ನಿಂತು ಅಭ್ಯಾಸ ಆದ ನಮ್ಮ ಸ್ಟ್ರೈಕರ್ ಸೆಲೆಕ್ಷನ್‌ಗೆ ಹೋದಾಗ ಅರ್ಧ ಗಂಟೇಲಿ ಐದು ಸಲ ಫ್ಲಾಗ್ ಎತ್ತಿದ್ರು, ಪಾಪ ಐದನೇ ಸಲ ಅವ್ನೇ ಕೈ ಎತ್ಬಿಟ್ಟ.

ಕುಶಾಲ್‌ನಗರ ಕಿಕ್: ಎರಡೂ ಸೇರಿಸ್ರಪ್ಪ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ತರ. 2024-25ರಲ್ಲಿ ಟೇಬಲ್ ಟಾಪ್ ಬಂದು ಶೀಲ್ಡ್ ತಗೊಂಡಿದ್ದು ಮೋಹನ್ ಬಾಗಾನ್, ಮೂರನೇ ಸ್ಥಾನದ ನಮ್ ಬೆಂಗಳೂರು ಎಫ್‌ಸಿ ಆಮೇಲಿನ ನಾಕೌಟ್ ಪ್ಲೇಆಫ್ ಆಡಿ ಫೈನಲ್ ತಂಕ ಬಂತು (ಎಕ್ಸ್‌ಟ್ರಾ ಟೈಮಲ್ಲಿ 2-1 ಸೋತಿದ್ದು ಬಿಡಿ, ನೆನಪಿಸ್ಬೇಡಿ). ನಮಗೆ ಐದೈದು ಟೀಮ್‌ದು ಎರಡು ಗ್ರೂಪ್. ಗ್ರೂಪಿಗೆ ಹತ್ತು ಮ್ಯಾಚ್, ಎರಡು ಸೆಮಿ, ಒಂದು ಫೈನಲ್, ಒಟ್ಟು 23. ಅಕ್ಟೋಬರ್ ನವೆಂಬರ್ ಭಾನುವಾರಗಳಲ್ಲಿ ಆರಾಮಾಗಿ ಮುಗಿಯುತ್ತೆ, ಎಲ್ರಿಗೂ ನಾಲ್ಕು ಮ್ಯಾಚ್ ಖಾತ್ರಿ.

ಬೈಲುಗದ್ದೆ: ಹ್ಞಾ ಇದಾದ್ರೆ ಲೆಕ್ಕಕ್ಕೆ ಬರುತ್ತೆ. ಆದ್ರೆ ಎರಡು ಮ್ಯಾಚ್ ಸೋತ ಟೀಮ್ ಮೂರನೇದಕ್ಕೆ ಬರಲ್ಲ, ಬರ್ದಿಟ್ಕೋ. ಎದುರಾಳಿಗೆ ಪುಕ್ಕಟೆ 3-0, ಆ ಮೂರು ಗೋಲಲ್ಲಿ ಇನ್ಯಾರೋ ಔಟ್.

ಕುಶಾಲ್‌ನಗರ ಕಿಕ್: ಅದಕ್ಕೇ ಪಾಯಿಂಟ್ ಸಮ ಆದ್ರೆ ಮೊದ್ಲು ಅವರವರ ನಡುವಿನ ಮ್ಯಾಚ್ ನೋಡ್ಬೇಕು, ಸ್ಪೇನ್ ಲೀಗಲ್ಲಿ ಹಂಗೇ. ಗೋಲ್ ಡಿಫರೆನ್ಸ್ (ಹಾಕಿದ ಗೋಲಲ್ಲಿ ತಿಂದ ಗೋಲ್ ಕಳೆದು ಉಳಿದಿದ್ದು) ಆಮೇಲೆ.

ಲೈನ್ಸ್‌ಮನ್ ಮಾವ: ಒಂದ್ನಾಲ್ಕು ವರ್ಷ ಫ್ಲಾಗ್ ಹಿಡ್ದವ್ನು ಹೇಳ್ತೀನಿ ಕೇಳಿ. ಐದು ಟೀಮ್ ಗ್ರೂಪಲ್ಲಿ ಪ್ರತಿ ರೌಂಡಲ್ಲೂ ಒಂದು ಟೀಮ್ ಖಾಲಿ ಕೂರ್ಬೇಕು. ಕೊನೇ ರೌಂಡಲ್ಲಿ ಖಾಲಿ ಕೂತವ್ರ ಗತಿ ಏನು? 1982ರ ವರ್ಲ್ಡ್ ಕಪ್ಪಲ್ಲಿ ಅಲ್ಜೀರಿಯಾ ತನ್ನ ಮ್ಯಾಚ್ ಮುಗ್ಸಿ ಕೂತಿತ್ತು, ಮಾರನೇ ದಿನ ಪಶ್ಚಿಮ ಜರ್ಮನಿ ಬೇಗ ಒಂದು ಗೋಲ್ ಹಾಕ್ತು, 1-0 ಆದ್ರೆ ತಾವೂ ಆಸ್ಟ್ರಿಯಾನೂ ಇಬ್ರೂ ಪಾಸ್ ಅಂತ ಗೊತ್ತಿತ್ತು, ಆಮೇಲೆ ಬಾಲ್ ಹಿಂದಕ್ಕೆ ಮುಂದಕ್ಕೆ ತಟ್ಕೊಂಡು ಟೈಮ್ ಕಳೆದ್ರು. ಅಲ್ಜೀರಿಯಾ ಮನೆಗೆ. ಅದಾದ್ಮೇಲೇ ಗ್ರೂಪಿನ ಕೊನೇ ಮ್ಯಾಚ್‌ಗಳು ಒಂದೇ ಟೈಮಿಗೆ ಶುರುವಾಗಿದ್ದು. ಇಲ್ಲಿ ಅಕ್ಕಪಕ್ಕದ ಊರು, ಭಾವ ಮೈದುನರು ಎದುರುಬದುರು ಆಡೋದು, ಫೋನೂ ಬೇಡ, ಕಣ್ಸನ್ನೆ ಸಾಕು.

ಬೈಲುಗದ್ದೆ: 😂😂 ನಿಜ ನಿಜ

ಕುಶಾಲ್‌ನಗರ ಕಿಕ್: ಹಂಗಾದ್ರೆ ಆರಾರು ಟೀಮ್. ಯಾರೂ ಖಾಲಿ ಕೂರಲ್ಲ, ಒಟ್ಟು 33 ಮ್ಯಾಚ್, ಕೊನೇ ರೌಂಡಿಗೆ ಮಾತ್ರ ಮೂರು ಗ್ರೌಂಡ್ ಹುಡುಕ್ಬೇಕು, ಅದೂ ಒಂದೊಂದು ಗ್ರೂಪಿಗೆ ಒಂದೊಂದು ದಿನ ಇಟ್ರೆ. ಇನ್ನೆರಡು ಟೀಮ್ ಎಲ್ಲಿಂದ ತರೋದು?

ರೊಬಸ್ಟಾ ರೈಟ್‌ಬ್ಯಾಕ್: ಒಂದು ನಮ್ಮೂರಿಂದಾನೇ ಬರುತ್ತೆ. ಭಾನುವಾರ ಪೆನಾಲ್ಟಿ ಯಾರು ಹೊಡೀಬೇಕಿತ್ತು ಅಂತ ಪಿಕಪ್ಪಲ್ಲೇ ಜಗಳ ಆಗಿ ಅರ್ಧ ಜನ ಹೊಸ ಜೆರ್ಸಿಗೆ ಆರ್ಡರ್ ಕೊಟ್ಟಿದಾರೆ.